ಎಡಗಾಲಿನ ಅಳತೆ

ಹಾಸನ
16–5–2024

ತಂಗಿ ಲತಾಳಿಗೆ ನಂಜುಂಡೇಶ್ ಬರೆಯುವುದು.

ಕ್ಷೇಮ ಎಂದು ಶುರುಮಾಡುವ ಹಾಗಿಲ್ಲ, ಆದ್ದರಿಂದ ಆ ಸಾಲು ಬಿಟ್ಟಿದ್ದೇನೆ. ನಿನ್ನನ್ನು ಬಾಯಿ ತೆರೆದು ಮಾತಾಡಿಸುವುದಿಲ್ಲ ಎಂದು ನಾಲ್ಕು ವರ್ಷದ ಹಿಂದೆ ಮನೆದೇವರ ಮುಂದೆ ಆಣೆ ಇಟ್ಟವನು ನಾನು. ಬರೆಯುವುದಿಲ್ಲ ಎಂದು ಇಟ್ಟಿರಲಿಲ್ಲ. ನೀನೂ ಅಷ್ಟೆ, ನನ್ನ ಮನೆ ಹೊಸಿಲು ತುಳಿಯುವುದಿಲ್ಲ ಎಂದೆ, ಕಾಗದ ಓದುವುದಿಲ್ಲ ಎನ್ನಲಿಲ್ಲ. ಹಾಗಾಗಿ ಇಬ್ಬರ ಆಣೆಗೂ ಭಂಗವಿಲ್ಲ.

ಅವ್ವ ಬಿದ್ದಳೆಂದು ಎದುರುಮನೆ ಲಕ್ಕಮ್ಮ ನಿನಗೆ ಫೋನ್ ಮಾಡಿದ್ದಾಳಂತೆ. ಆಕೆ ಅರ್ಧ ಹೇಳಿ ಅರ್ಧ ಅಳುವವಳು, ಅದಕ್ಕೆ ಪೂರ್ತಿ ನಾನು ಬರೆಯುತ್ತೇನೆ. ಭಾನುವಾರ ಬೆಳಗ್ಗೆ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸೋಪಿನ ನೀರಿನಲ್ಲಿ ಜಾರಿದ್ದಾಳೆ. ಒಗೆಯಬೇಡ ಎಂದು ಸಾವಿರ ಸಲ ಹೇಳಿದ್ದೆ. ನಿನ್ನ ಅತ್ತಿಗೆ ತೀರಿಕೊಂಡ ಮೇಲೆ ನನ್ನ ಬಟ್ಟೆ ನಾನೇ ಒಗೆದುಕೊಳ್ಳುವುದನ್ನು ಅವ್ವನಿಗೆ ನೋಡಲಾಗುವುದಿಲ್ಲ. ನಾನು ಹಸುವಿಗೆ ಹುಲ್ಲು ಹಾಕಿ ಬರುವಷ್ಟರಲ್ಲಿ ನನ್ನ ಪಂಚೆ ಕೈಯಲ್ಲಿ ಹಿಡಿದುಕೊಂಡೇ ನೆಲದ ಮೇಲಿದ್ದಳು. ಎಡಗಾಲು ಹೊರಕ್ಕೆ ತಿರುಗಿಕೊಂಡು ಗಿಡ್ಡವಾಗಿ ಕಾಣುತ್ತಿತ್ತು. "ಏನೂ ಆಗಿಲ್ಲ ಕಣ್ಲಾ, ಎತ್ತಿ ಕೂರ್ಸು" ಅಂದಳು. ಕೂರಿಸಲು ಹೋದರೆ ಕಿರುಚಿದಳು. ಅವ್ವ ಕಿರುಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ತೊಡೆಮೂಳೆ ಸೊಂಟಕ್ಕೆ ಸೇರುವ ಕಡೆ ಮುರಿದಿದೆ. ಮಂಗಳವಾರ ಆಪರೇಷನ್ ಮಾಡಿ ರಾಡು ಹಾಕಿದರು. ಎಪ್ಪತ್ತಾರು ವರ್ಷದವಳಿಗೆ ಇಷ್ಟು ಸಲೀಸಾಗಿ ಆಗಿದ್ದೇ ದೊಡ್ಡದು ಎಂದರು ಡಾಕ್ಟರು. ನಿನ್ನೆ ವಾಕರ್ ಹಿಡಿಸಿ ನಿಲ್ಲಿಸಿಯೂ ಆಯಿತು. ದಿನಾ ಹೊಟ್ಟೆಗೆ ಒಂದು ಇಂಜೆಕ್ಷನ್ ಕೊಡುತ್ತಾರೆ, ರಕ್ತ ಹೆಪ್ಪುಗಟ್ಟದೆ ಇರಲಿ ಅಂತ. ಕಾಲು ಮುರಿದರೆ ಹೊಟ್ಟೆಗೆ ಯಾಕೆ ಚುಚ್ಚುತ್ತಾರೋ ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ.

ನೀನು ಬರುವುದಾದರೆ ಬೆಳಗ್ಗೆ ಬಾ. ಬೆಳಗ್ಗೆ ನಾನು ಹಸು ನೋಡಿಕೊಳ್ಳಲು ಊರಿಗೆ ಹೋಗಿರುತ್ತೇನೆ. ಎರಡು ಗಂಟೆಗೆ ವಾಪಸ್ ಬರುತ್ತೇನೆ, ಅಷ್ಟರಲ್ಲಿ ನೀನು ಹೊರಟುಬಿಡು. ಎದುರುಬದುರಾಗುವ ಪ್ರಸಂಗ ಬೇಡ. ಈ ಕಾಗದವನ್ನು ಅವ್ವನ ದಿಂಬಿನ ಕೆಳಗೆ ಇಟ್ಟಿರುತ್ತೇನೆ.

ಇಂತಿ, ಅಳಿಸಿಹಾಕಲು ಬರುವುದಿಲ್ಲವಾದ್ದರಿಂದ ಇನ್ನೂ ನಿನ್ನ ಅಣ್ಣನೇ ಆದ
ನಂಜುಂಡೇಶ್


ಚನ್ನರಾಯಪಟ್ಟಣ
23–5–2024

ಅಣ್ಣನಿಗೆ ಲತಾಳ ನಮಸ್ಕಾರ.

ನಮಸ್ಕಾರ ನಿನ್ನ ವಯಸ್ಸಿಗೆ, ಬುದ್ಧಿಗಲ್ಲ. ಆರು ದಿನ ಬೆಳಗ್ಗೆ ಬಸ್ಸು ಹಿಡಿದು ಬಂದು ಒಂದೂವರೆಗೆ ಕಳ್ಳಿಯ ಹಾಗೆ ಎದ್ದು ಹೋಗುತ್ತಿದ್ದೆ. ನರ್ಸ್ ತೇಜಶ್ರೀ ಒಂದು ದಿನ ಕೇಳಿಯೇಬಿಟ್ಟಳು: "ಅಮ್ಮಾ, ನಿಮ್ದು ಬೆಳಗಿನ ಡ್ಯೂಟಿ, ನಿಮ್ಮಣ್ಣಂದು ಮಧ್ಯಾಹ್ನದ ಡ್ಯೂಟಿನಾ?" ಹೌದು ಎಂದೆ. ಇನ್ನೇನು ಹೇಳಲಿ? ತೊಟ್ಟಿಲಲ್ಲಿದ್ದಾಗಲೇ ನನ್ನ ಮಗಳನ್ನು ನಿನ್ನ ಮಗನಿಗೆ ಅಂದುಕೊಂಡಿದ್ದಿರಿ, ಅನುಶ್ರೀ ಬೆಳೆದು ದೊಡ್ಡವಳಾಗಿ ಒಲ್ಲೆ ಎಂದಳು, ನನ್ನಣ್ಣ ಸೋದರಮಾವನಾಗಿ ಅವಳ ಮದುವೆಗೆ ಬರಲಿಲ್ಲ ಎಂದು ಆ ಹುಡುಗಿಗೆ ಕಥೆ ಹೇಳಲೇ? ಶಶಿಕಿರಣನೇ ಅದನ್ನು ಮರೆತು ಅರಕಲಗೂಡಿನಲ್ಲಿ ನೆಮ್ಮದಿಯಾಗಿ ಕೆಲಸ ಮಾಡಿಕೊಂಡಿದ್ದಾನೆ. ಮರೆಯದಿರುವುದು ನಾವಿಬ್ಬರೇ.

ಈಗ ಕೆಲಸದ ಮಾತು. ನೀನು ಕೇಳದೆ ಬಿಟ್ಟದ್ದನ್ನು ನಾನು ತೇಜಶ್ರೀಯ ಹತ್ತಿರ ಕೇಳಿದೆ. ಸೊಂಟ ಮುರಿದು ಮಲಗಿದವರಿಗೆ, ಮಂಡಿ ಸೊಂಟದ ಆಪರೇಷನ್ ಆದವರಿಗೆ, ಕಾಲಿನಲ್ಲಿ ರಕ್ತದ ಓಡಾಟ ನಿಧಾನವಾಗಿ ಒಳಗೇ ಗಂಟಾಗಿ ಹೆಪ್ಪುಗಟ್ಟುತ್ತದಂತೆ. ಆ ಗಂಟು ಕಳಚಿ ಶ್ವಾಸಕೋಶಕ್ಕೆ ಹೋಗಿ ಕೂತರೆ ಜೀವಕ್ಕೇ ಬರುತ್ತದೆ. ಮೂಳೆ ಕೂಡಿತು ಎಂದು ನಾವು ನೆಮ್ಮದಿಯಾಗಿರುವಾಗಲೇ ಇದು ಬರುವುದು, ಎರಡು ಮೂರು ತಿಂಗಳು ಭಯ ತಪ್ಪಿದ್ದಲ್ಲ ಎಂದಳು. ಅದಕ್ಕೇ ಆ ಇಂಜೆಕ್ಷನ್. ಈಗ ಅದರ ಬದಲು ಮಾತ್ರೆ ಬರೆದುಕೊಟ್ಟಿದ್ದಾರೆ, ಒಂದು ಹೊತ್ತೂ ತಪ್ಪಿಸಬೇಡ. ದಿನಕ್ಕೆ ನಾಲ್ಕು ಸಲ ವಾಕರ್ ಹಿಡಿಸಿ ನಡೆಸು. ಮಲಗಿದ್ದಾಗ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸಲು ಹೇಳು. ನೀರು ಚೆನ್ನಾಗಿ ಕುಡಿಸು, ಒಣಗಿದ ಮೈಯಲ್ಲಿ ರಕ್ತ ಗಟ್ಟಿಯಾಗುತ್ತದೆ. ಊದಿದ ಕಾಲಿಗೆ ಎಣ್ಣೆ ಹಾಕಿ ನೀವಲು ಯಾರು ಬಂದರೂ ಬಾಗಿಲಲ್ಲೇ ಕಳಿಸು. ಉಸಿರು ಕಟ್ಟಿದಂತಾದರೆ, ಎದೆ ನೋವು ಎಂದರೆ, ಯಾರನ್ನೂ ಕೇಳದೆ ಆಸ್ಪತ್ರೆಗೆ ಹೊರಡು.

ಇದರ ಜೊತೆ ನನ್ನ ಅಂಗಡಿಯ ಅಳತೆ ಟೇಪು ಇಟ್ಟಿದ್ದೇನೆ. ಮಂಡಿಚಿಪ್ಪಿನಿಂದ ಆರು ಬೆರಳು ಕೆಳಗೆ, ಮೀನಖಂಡ ದಪ್ಪಗಿರುವ ಕಡೆ, ಎರಡೂ ಕಾಲಿನ ಸುತ್ತಳತೆ ತೆಗೆ. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ, ಟೇಪು ಬಿಗಿಯಾಗಿಯೂ ಬೇಡ, ಸಡಿಲವಾಗಿಯೂ ಬೇಡ. ಬರೆದು ಕಳಿಸು. ನೋಡಿ ಏನು ಮಾಡಬೇಕೆಂದು ನಾನು ಹೇಳುತ್ತೇನೆ.

ಅವ್ವನಿಗೆ ದಿನಾ ಫೋನ್ ಮಾಡುತ್ತೇನೆ. "ಚೆಂದಾಗಿವ್ನಿ ಕಣವ್ವ" ಅನ್ನುತ್ತಾಳೆ. ಅವಳ ಚೆಂದ ನನಗೆ ಗೊತ್ತಿಲ್ಲವೇ.

ಲತಾ


ಹಳ್ಳಿಮೈಸೂರು
30–5–2024

ಲತಾ,

ನಿನ್ನ ಕಾಗದ ಸೋಮವಾರ ಬಂತು. ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿದೆ. "ಬುದ್ಧಿಗಲ್ಲ" ಎನ್ನುವ ಕಡೆ ನಕ್ಕಳು, ಇನ್ನೊಂದು ಸಲ ಓದು ಎಂದಳು. ಬಿದ್ದ ಮೇಲೆ ಅವ್ವ ನಕ್ಕದ್ದು ಅದೇ ಮೊದಲು, ಅದಕ್ಕೆ ಓದಿದೆ. ಟೇಪನ್ನು ಕಿಟಕಿಯ ಸರಳಿಗೆ ನೇತುಹಾಕಿದ್ದೇನೆ.

ಅಳತೆ: ಎಡಗಾಲು ಹನ್ನೊಂದೂಕಾಲು ಇಂಚು, ಬಲಗಾಲು ಹನ್ನೊಂದು. ಮೂರು ದಿನವೂ ಹಾಗೇ ಇದೆ. ಆಪರೇಷನ್ ಆದ ಕಾಲು ಸ್ವಲ್ಪ ಊದುವುದು ಸಹಜ ಅನ್ನುತ್ತಾರೆ. ಎಷ್ಟಾದರೆ ಕೆಟ್ಟದ್ದು ಎಂದು ಬರೆ. ನರ್ಸಮ್ಮ ನನಗೇನೂ ಹೇಳಲಿಲ್ಲ, "ನಿಮ್ಮ ತಂಗಿಗೆ ಎಲ್ಲಾ ಹೇಳಿದ್ದೀನಿ ಸಾ" ಎಂದು ಕೈ ತೊಳೆದುಕೊಂಡಳು.

ಕಟ್ಟಾಯದ ಕಡೆಯ ನಾಟಿ ವೈದ್ಯ ಈಶ್ವರಯ್ಯ ಎಣ್ಣೆ ಸೀಸೆ ಹಿಡಿದು ಬಂದಿದ್ದ. "ಬಿಸಿ ಎಣ್ಣೆ ಆಕಿ ಮೇಲಿಂದ ಕೆಳಕ್ಕೆ ನೀವುದ್ರೆ ಮೂರೇ ದಿನಕ್ಕೆ ಇಳೀತದೆ" ಅಂದ. ನನ್ನ ತಂಗಿ ಬೇಡ ಅಂದಿದ್ದಾಳೆ ಎಂದೆ. "ನಿಮ್ ತಂಗಿ ನಿಮ್ಮತ್ರ ಮಾತಾಡಾಕಿಲ್ವಲ್ಲ" ಅಂದ. ಸುತ್ತ ಹತ್ತೂರಿಗೂ ನಮ್ಮ ಮನೆ ಸಮಾಚಾರ ಗೊತ್ತಿದೆ. ಮಾತಾಡದಿದ್ದರೂ ಹುಕುಂ ಮಾಡುತ್ತಾಳೆ ಎಂದು ಹೇಳಿ ಕಾಫಿ ಕೊಟ್ಟು ಕಳಿಸಿದೆ.

ಮಾತ್ರೆ ತಪ್ಪಿಸಿಲ್ಲ. ನಡೆಸುತ್ತೇನೆ, ಅಡುಗೆಮನೆ ಬಾಗಿಲಿನವರೆಗೆ ಹೋಗಿ ಬರುತ್ತಾಳೆ. ಒಂದೇ ತೊಂದರೆ ಎಂದರೆ ನೀರು ಕುಡಿಯುವುದಿಲ್ಲ. ಚೊಂಬು ತುಂಬಿಟ್ಟರೆ ಸಂಜೆಗೂ ತುಂಬೇ ಇರುತ್ತದೆ. ತುಟಿ ಒಡೆದಿದೆ. ಎಷ್ಟು ಗದರಿದರೂ "ಸೇರಾಕಿಲ್ಲ ಬುಡ್ಲಾ" ಅನ್ನುತ್ತಾಳೆ. ಮೊದಲು ತಟ್ಟೆ ಮುಂದೆ ಕೂತರೆ ಎರಡು ಲೋಟ ಕುಡಿಯುತ್ತಿದ್ದವಳು. ಇದು ಯಾವ ಹಟವೋ ನನಗೆ ಅರ್ಥವಾಗುತ್ತಿಲ್ಲ.

ನಂಜುಂಡೇಶ್


ಚನ್ನರಾಯಪಟ್ಟಣ
4–6–2024

ಅಣ್ಣಾ,

ನಿನಗೆ ಅರ್ಥವಾಗುವುದಿಲ್ಲ. ನಿನ್ನ ಕಾಗದದ ಆ ಸಾಲು ಓದಿದ ಕೂಡಲೇ ನನಗೆ ಅರ್ಥವಾಯಿತು, ಮೆಷಿನ್ ನಿಲ್ಲಿಸಿ ಹೊಲೆಯುತ್ತಿದ್ದ ರವಿಕೆಯ ಮೇಲೇ ಅತ್ತೆ.

ನೀರು ಕುಡಿದರೆ ಒಂದಕ್ಕೆ ಹೋಗಬೇಕು. ಹೋಗಬೇಕೆಂದರೆ ಯಾರಾದರೂ ಎಬ್ಬಿಸಿ, ಸೀರೆ ಸರಿಮಾಡಿ, ಕೂರಿಸಬೇಕು. ಬೆಳಗ್ಗೆ ಲಕ್ಕಮ್ಮ ಬಂದು ಸ್ನಾನ ಮಾಡಿಸಿ ಹೋದರೆ ಉಳಿದ ಹೊತ್ತೆಲ್ಲ ಮನೆಯಲ್ಲಿರುವವನು ನೀನು. ಹೆತ್ತ ಮಗನ ಕೈಲಿ ಅದನ್ನು ಮಾಡಿಸಿಕೊಳ್ಳುವುದಕ್ಕಿಂತ ಬಾಯಾರಿಕೊಂಡು ಬಿದ್ದಿರುವುದೇ ಅವಳಿಗೆ ವಾಸಿ. ಅಪ್ಪ ಬದುಕಿದ್ದಾಗ ಹೊಲದಲ್ಲಿ ಗಂಡಾಳುಗಳಿದ್ದರೆ ಕತ್ತಲಾಗುವವರೆಗೂ ಕಟ್ಟಿಕೊಂಡಿರುತ್ತಿದ್ದವಳು ಅವಳು. ನಿನ್ನ ತಪ್ಪಲ್ಲ ಇದು. ನೀನು ಮಾಡುತ್ತಿರುವಷ್ಟನ್ನು ಎಷ್ಟು ಗಂಡುಮಕ್ಕಳು ಮಾಡುತ್ತಾರೆ? ಆದರೆ ಅವಳಿಗೀಗ ಬೇಕಾಗಿರುವುದು ಹೆಣ್ಣಿನ ಕೈ.

ಲಕ್ಕಮ್ಮನನ್ನು ದಿನಕ್ಕೆ ನಾಲ್ಕು ಸಲ ಬರಲು ಹೇಳು. ಅವಳು ಬಂದಾಗೆಲ್ಲ ಒಂದು ಲೋಟ ನೀರು. ಅವಳಿಗೂ ಮಂಡಿ ನೋವು, ಪಾಪ, ಆಪರೇಷನ್ ಮಾಡಿಸಿಕೋ ಎಂದು ಡಾಕ್ಟರು ಎರಡು ವರ್ಷದಿಂದ ಹೇಳುತ್ತಿದ್ದಾರಂತೆ. ಆದರೂ ಬರುತ್ತಾಳೆ.

ಇಲ್ಲವೇ ನಾನು ಬರುತ್ತೇನೆ. ಅಂಗಡಿಗೆ ಬೀಗ ಹಾಕಿ ಎರಡು ತಿಂಗಳು ಬಂದಿರುತ್ತೇನೆ. ಆದರೆ ಹೊಸಿಲು ತುಳಿಯಲ್ಲ ಎಂದವಳು ನಾನಾಗೇ ಬಂದು ನಿಂತರೆ ನನಗೇನು ಮರ್ಯಾದೆ? ನೀನು ಕರೆಯಬೇಕು. ಕಾಗದದಲ್ಲಲ್ಲ, ಬಾಯಲ್ಲಿ. ಫೋನಿನಲ್ಲಿ ಒಂದೇ ಒಂದು ಸಲ "ಬಾ" ಅನ್ನು. ಆಣೆ ಮುರಿದ ಪಾಪ ಇಬ್ಬರೂ ಹಂಚಿಕೊಳ್ಳೋಣ.

ಅಳತೆಯ ಚಿಂತೆ ನಿನಗೆ ಬೇಡ. ಎಷ್ಟಾದರೆ ಏನು ಎನ್ನುವುದು ನನಗೆ ಬಿಡು, ಮೂವತ್ತು ವರ್ಷದಿಂದ ಟೇಪು ಹಿಡಿದವಳು ನಾನು. ನೀನು ಬರೆಯುವುದನ್ನು ಮಾತ್ರ ನಿಲ್ಲಿಸಬೇಡ.

ಲತಾ


ಹಳ್ಳಿಮೈಸೂರು
8–6–2024

ಲತಾ,

ಎಡಗಾಲು ಹನ್ನೊಂದೂಮುಕ್ಕಾಲು, ಬಲಗಾಲು ಹನ್ನೊಂದು.

ನೀರಿನ ವಿಷಯ ಓದಿ ನಾಚಿಕೆಯಾಯಿತು. ಎಂಟು ಹತ್ತು ದಿನ ಅವ್ವನನ್ನು ಗದರಿದ್ದೇನೆ. ಆ ಭಾಗ ಅವ್ವನಿಗೆ ಓದಿ ಹೇಳಲಿಲ್ಲ, ಹಾರಿಸಿದೆ. ಲಕ್ಕಮ್ಮ ಈಗ ಮೂರು ಸಲ ಬರುತ್ತಾಳೆ. ಅವಳಿದ್ದಾಗ ಅವ್ವ ಒಂದು ಲೋಟ ಕುಡಿಯುತ್ತಾಳೆ. ಆದರೆ ಹೊಲದಲ್ಲಿ ಹೊಗೆಸೊಪ್ಪಿನ ಸಸಿ ನಾಟಿ ಶುರುವಾಗಿದೆ, ಲಕ್ಕಮ್ಮ ಅವಳ ಹೊಲಕ್ಕೂ ಹೋಗಬೇಕು. ಎರಡು ದಿನದಿಂದ ಅವ್ವ ವಾಕರ್ ಹಿಡಿಯಲು ಒಲ್ಲೆ ಅನ್ನುತ್ತಾಳೆ. ಕಾಲು ಭಾರವಂತೆ.

ಕರೆಯುವ ವಿಷಯ. ಬರುವವರು ಕರೆಯದೆಯೂ ಬರುತ್ತಾರೆ. ನನ್ನ ಮನೆ ಬಾಗಿಲು ಮುಚ್ಚಿಲ್ಲ. ಇದಕ್ಕಿಂತ ಹೆಚ್ಚು ಬರೆಯಲಾರೆ.

ನಂಜುಂಡೇಶ್


ಹಳ್ಳಿಮೈಸೂರು
14–6–2024, ಶುಕ್ರವಾರ

ಲತಾ,

ಇವತ್ತು ಬೆಳಗ್ಗೆ ತೆಗೆದ ಅಳತೆ: ಎಡಗಾಲು ಹನ್ನೆರಡೂಮುಕ್ಕಾಲು, ಬಲಗಾಲು ಹನ್ನೊಂದು. ಟೇಪು ತಪ್ಪಿ ಹಿಡಿದೆನೇನೋ ಎಂದು ಮೂರು ಸಲ ತೆಗೆದೆ. ಮೂರು ಸಲವೂ ಅಷ್ಟೇ. ಮೀನಖಂಡ ಮುಟ್ಟಿದರೆ ಬೆಚ್ಚಗಿದೆ, ಒತ್ತಿದರೆ ಅವ್ವ ಕಾಲು ಎಳೆದುಕೊಳ್ಳುತ್ತಾಳೆ.

ಏನು ಮಾಡಬೇಕೆಂದು ಬೇಗ ಬರೆ. ಪೋಸ್ಟಿನವನ ಕೈಗೇ ಕೊಡೋಣವೆಂದು ಓಡಿದೆ, ಅವನು ಹೋಗಿಬಿಟ್ಟಿದ್ದ. ಡಬ್ಬಕ್ಕೆ ಹಾಕುತ್ತೇನೆ. ಅವ್ವ ಊಟ ಮಾಡಿದ್ದಾಳೆ, ನಿನ್ನ ಹಳೆಯ ಕಾಗದವನ್ನು ಮತ್ತೆ ಓದಿಸಿಕೊಂಡಳು. ಅವಳ ಮುಖ ನೋಡಿದರೆ ಏನೂ ಆಗಿಲ್ಲವೇನೋ ಅನ್ನಿಸುತ್ತದೆ.

ನಂಜುಂಡೇಶ್


ಚನ್ನರಾಯಪಟ್ಟಣ
20–7–2024

ಅಣ್ಣಾ,

ಅವ್ವನ ಹನ್ನೊಂದನೇ ದಿನದ ತಿಥಿ ಮುಗಿಸಿ ಹೊರಟಾಗ ನೀನು ಬಸ್ಸಿನವರೆಗೆ ಬಂದೆ. ಇಬ್ಬರೂ ಒಂದು ಮಾತಾಡಲಿಲ್ಲ. ಆಣೆ ಮುರಿದು ಬಿದ್ದಾಗಿತ್ತು, ಆದರೂ ಆಗಲಿಲ್ಲ. ಮೂರು ವಾರದಿಂದ ಈ ಕಾಗದ ಬರೆದು ಹರಿಯುತ್ತಿದ್ದೇನೆ.

ನಿನ್ನ ಶುಕ್ರವಾರದ ಕಾಗದ ನನ್ನ ಕೈಗೆ ಬಂದದ್ದು ಮಂಗಳವಾರ ಹನ್ನೊಂದು ಗಂಟೆಗೆ. ಮಧ್ಯೆ ಭಾನುವಾರ, ಆಮೇಲೆ ಬಕ್ರೀದ್ ರಜ. ಅಂಗಡಿ ಮೆಟ್ಟಿಲ ಮೇಲೆ ನಿಂತು ಒಡೆದೆ. ಸಂಖ್ಯೆ ನೋಡಿ ನಿನಗೆ ಫೋನ್ ಮಾಡಿದೆ, ನೀನು ತೆಗೆಯಲಿಲ್ಲ. ಅವ್ವನಿಗೆ ಮಾಡಿದೆ, ತೆಗೆಯಲಿಲ್ಲ. ದಿನಾ ಫೋನಿನಲ್ಲಿ ಕಾಲು ಹೇಗಿದೆ ಎಂದು ಕೇಳುತ್ತಿದ್ದೆ, ಹಿಂದಿನ ದಿನವೂ "ಚೆಂದಾಗಿವ್ನಿ" ಅಂದಿದ್ದಳು. ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ ಮನೆ ತಲುಪುವಾಗ ಎರಡೂವರೆ. ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಹೊಸಿಲು ದಾಟಿದ್ದು ನನಗೆ ನೆನಪೇ ಇಲ್ಲ, ಅಣ್ಣ. ನಾಲ್ಕು ವರ್ಷ ದೊಡ್ಡ ಗೋಡೆಯ ಹಾಗೆ ಕಾಣುತ್ತಿದ್ದದ್ದು ಅಲ್ಲಿ ಇದೆಯೆಂದೇ ತಿಳಿಯಲಿಲ್ಲ. ಮಂಚದ ಪಕ್ಕದಲ್ಲಿ ಚೊಂಬು ತುಂಬಿತ್ತು. ಟೇಪು ಸರಳಿನಲ್ಲಿ ನೇತಾಡುತ್ತಿತ್ತು. ದಿಂಬಿನ ಪಕ್ಕ ಅವ್ವನ ಫೋನ್ ಇತ್ತು, ಅದರಲ್ಲಿ ನಾನೇ ಮಾಡಿದ ಹನ್ನೊಂದು ಕರೆ.

ಆಮೇಲೆ ಆಂಬುಲೆನ್ಸ್ ಬಂತು. ನೀನು ಇಳಿದೆ. ನನ್ನ ಮುಖ ನೋಡಿ ಕೇಳಿದೆ: "ಕಾಗ್ದ ಬಂತಾ?"

ನಾಲ್ಕು ವರ್ಷದ ಮೇಲೆ ನೀನು ನನ್ನ ಹತ್ತಿರ ಆಡಿದ ಮೊದಲ ಮಾತು ಅದು. ಬಂತು ಎಂದೆ.

ಈಗ ನಾನು ಹೇಳಬೇಕಾದದ್ದು. ಎಷ್ಟಾದರೆ ಕೆಟ್ಟದ್ದು ಎಂದು ನೀನು ಕೇಳಿದ್ದೆ. ತೇಜಶ್ರೀ ನನಗೆ ಮೊದಲ ದಿನವೇ ಹೇಳಿದ್ದಳು: ಒಂದು ಕಾಲಿಗಿಂತ ಇನ್ನೊಂದು ಕಾಲು ಒಂದು ಇಂಚಿಗಿಂತ ಹೆಚ್ಚು ದಪ್ಪವಾದರೆ ಒಂದು ಗಂಟೆಯೂ ತಡಮಾಡಬೇಡಿ, ಕರೆದುಕೊಂಡು ಬನ್ನಿ. ಒಂದು ಇಂಚು, ಅಣ್ಣ. ಇದನ್ನು ಬರೆಯಲು ಅರ್ಧ ಸಾಲು ಸಾಕಿತ್ತು. ನಾನು ಬರೆಯಲಿಲ್ಲ. ನಿನಗೆ ಆ ಗುಟ್ಟು ಹೇಳಿಬಿಟ್ಟರೆ ನೀನೇ ನೋಡಿಕೊಳ್ಳುತ್ತೀಯ, ನನಗೆ ಬರೆಯುವುದನ್ನು ನಿಲ್ಲಿಸಿಬಿಡುತ್ತೀಯ ಎಂದುಕೊಂಡೆ. ನಾಲ್ಕು ವರ್ಷದ ಮೇಲೆ ನಿನ್ನ ಅಕ್ಷರ ಮನೆಗೆ ಬರುತ್ತಿತ್ತು. ಅದು ತಪ್ಪದಿರಲಿ ಎಂದು ಒಂದು ಇಂಚನ್ನು ನನ್ನ ಹತ್ತಿರವೇ ಇಟ್ಟುಕೊಂಡೆ.

ಎಂಟನೇ ತಾರೀಖಿನ ಕಾಗದದಲ್ಲಿ ಎರಡು ಕಾಲಿಗೂ ಮುಕ್ಕಾಲು ಇಂಚು ವ್ಯತ್ಯಾಸವಿತ್ತು. ಇನ್ನೂ ಕಾಲು ಇಂಚು ಬಾಕಿಯಿದೆ, ಅಷ್ಟರಲ್ಲಿ ಅಣ್ಣ ಸೋತು ಕರೆಯುತ್ತಾನೆ ಎಂದುಕೊಂಡು ನಿನ್ನ ಆ ಕಾಗದಕ್ಕೆ ಉತ್ತರವನ್ನೇ ಬರೆಯಲಿಲ್ಲ. ಕಾಲು ಭಾರ ಎಂದಿದ್ದನ್ನೂ ಓದಿದ್ದೆ.

ನೀನು ನನ್ನನ್ನು ಏನು ಬೇಕಾದರೂ ಅನ್ನು.

ಲತಾ


ಹಳ್ಳಿಮೈಸೂರು
6–8–2024

ಲತಾ,

ಒಂದು ಇಂಚಿನ ವಿಷಯ ಓದಿ ನಾಲ್ಕು ದಿನ ಆ ಕಾಗದವನ್ನು ಮತ್ತೆ ಮುಟ್ಟಲಿಲ್ಲ. ಕೋಪ ಬಂತು, ಸುಳ್ಳು ಹೇಳುವುದಿಲ್ಲ. ಟೇಪನ್ನು ಕಿತ್ತು ಒಲೆಗೆ ಹಾಕಲು ಹೋದೆ. ಐದನೇ ದಿನ ಕೋಪ ಇಳಿದ ಮೇಲೆ ನನ್ನ ಪಾಲಿನದು ನೆನಪಾಯಿತು. ಅದನ್ನು ನಿನಗೂ ಹೇಳಿಲ್ಲ, ಶಶಿಗೂ ಹೇಳಿಲ್ಲ.

ಆ ಶುಕ್ರವಾರ ಅಳತೆ ನೋಡಿದಾಗಲೇ ಇದು ಸರಿಯಿಲ್ಲ ಎಂದು ಗೊತ್ತಾಯಿತು. ಲೆಕ್ಕ ಗೊತ್ತಿಲ್ಲದಿದ್ದರೂ ಕಣ್ಣಿತ್ತಲ್ಲ. ಫೋನ್ ಕೈಗೆ ತೆಗೆದುಕೊಂಡೆ, ನಿನ್ನ ಹೆಸರಿನ ಮೇಲೆ ಬೆರಳಿಟ್ಟೆ. ಅವ್ವ ಮಂಚದ ಮೇಲಿಂದ ನೋಡುತ್ತಿದ್ದಳು. "ಫೋನ್ ಬ್ಯಾಡ ಕಣ್ಲಾ, ಬರಿ" ಅಂದಳು. ಯಾಕವ್ವ ಎಂದೆ. "ಈ ಅಳ್ತೆ ಓದುದ್ರೆ ಅವ್ಳೇ ಓಡ್ ಬತ್ತಾಳೆ. ನೀನು ಕರ್ದಂಗೂ ಆಗಾಕಿಲ್ಲ, ಅವ್ಳು ಬಂದಂಗೂ ಆಯ್ತದೆ" ಎಂದಳು. ಹೇಳುವಾಗ ಮುಖದ ತುಂಬ ಗೆಲುವು. ತನ್ನ ಕಾಲು ಊದಿದ್ದು ಒಳ್ಳೆಯದಕ್ಕೇ ಎನ್ನುವ ಹಾಗಿತ್ತು.

ಅವ್ವನ ಮೇಲೆ ಹೊರಿಸಿ ನಾನು ತಪ್ಪಿಸಿಕೊಳ್ಳುತ್ತಿಲ್ಲ. ನನಗೂ ಬೇಕಾಗಿದ್ದು ಅದೇ. ನಾನು ಬಾಯಿ ಬಿಡದೆ ನೀನಾಗೇ ಬಂದು ನಿಲ್ಲಬೇಕಿತ್ತು. ಲಕ್ಕಮ್ಮನ ಕೈಲಿ ಫೋನ್ ಮಾಡಿಸಬಹುದಿತ್ತು. ಶಶಿಗೆ ಹೇಳಬಹುದಿತ್ತು, ಅವನು ಭಾನುವಾರ ಬಂದು ಅವ್ವನ ಜೊತೆ ಊಟ ಮಾಡಿ ಹೋದ, ಕಂಬಳಿ ಹೊದಿಸಿದ್ದ ಕಾಲನ್ನು ನಾನು ಅವನಿಗೆ ತೋರಿಸಲಿಲ್ಲ. ಹೊಳೆನರಸೀಪುರ ಎಷ್ಟು ದೂರ? ಆಟೋದಲ್ಲಿ ಮಲಗಿಸಿಕೊಂಡು ಹೋಗಿದ್ದರೆ ಆಗುತ್ತಿತ್ತು. ನಾಲ್ಕು ದಿನ ದಾರಿ ನೋಡುತ್ತಾ ಕೂತೆ. ದಿನಾ ಬೆಳಗ್ಗೆ ಅಳತೆ ತೆಗೆದು ಬರೆದಿಟ್ಟೆ. ಅದೊಂದು ದೊಡ್ಡ ಕೆಲಸ ಎನ್ನುವ ಹಾಗೆ.

ಮಂಗಳವಾರ ಬೆಳಗ್ಗೆ ಲಕ್ಕಮ್ಮ ಎಬ್ಬಿಸಿ ಕೂರಿಸಿದಳು. ಅವ್ವ ಎರಡು ಸಲ ಕೆಮ್ಮಿ ಎದೆ ಹಿಡಿದುಕೊಂಡಳು. "ಉಸ್ರು ಸಾಲ್ದು ಕಣ್ಲಾ" ಎಂದಳು. ಹೊಳೆನರಸೀಪುರದಲ್ಲಿ ನೋಡಿ ಹಾಸನಕ್ಕೆ ಕಳಿಸಿದರು. ದಾರಿಯಲ್ಲಿ ನನ್ನ ಕೈ ಹಿಡಿದಿದ್ದಳು. "ಲತಾ ಬಂದ್ಲಾ" ಎಂದು ಕೇಳಿದಳು. ಬರುತ್ತಿದ್ದಾಳೆ ಎಂದೆ. ಹಾಸನ ಮುಟ್ಟಲಿಲ್ಲ.

ಮಾತ್ರೆ ಸರಿಯಾಗಿ ಕೊಟ್ಟರೂ ಕೆಲವರಿಗೆ ಹೀಗಾಗುತ್ತದೆ, ಶುಕ್ರವಾರವೇ ತಂದಿದ್ದರೆ ಉಳಿಸಿಕೊಳ್ಳುವ ಅವಕಾಶ ಬಹಳ ಇತ್ತು ಎಂದರು ಡಾಕ್ಟರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿನ್ನನ್ನು ನಾನೇನು ಅನ್ನಲಿ? ಟೇಪು ಸುಡಲಿಲ್ಲ. ಮತ್ತೆ ಸರಳಿಗೇ ನೇತುಹಾಕಿದ್ದೇನೆ. ಒಂದು ಇಂಚಿನ ಹತ್ತಿರ ಕೆಂಪು ದಾರದಲ್ಲಿ ಒಂದು ಗಂಟು ಹಾಕಿದ್ದೇನೆ.

ನಿನ್ನ ಅಣ್ಣ
ನಂಜುಂಡೇಶ್


ಚನ್ನರಾಯಪಟ್ಟಣ
2–12–2024

ಅಣ್ಣನಿಗೆ ಲತಾಳ ನಮಸ್ಕಾರ.

ಈ ಸಲದ ನಮಸ್ಕಾರ ಬುದ್ಧಿಗೂ ಸೇರಿಸಿ.

ಲಕ್ಕಮ್ಮ ಅಂತೂ ಧೈರ್ಯ ಮಾಡಿ ಮಂಡಿ ಆಪರೇಷನ್ ಮಾಡಿಸಿಕೊಂಡಳು ಎಂದು ಶಶಿ ಹೇಳಿದ್ದ. ನೀನು ದಿನಾ ಬೆಳಗ್ಗೆ ಟೇಪು ಹಿಡಿದು ಅವಳ ಮನೆಗೆ ಹೋಗುತ್ತೀಯ, ಊರವರು ನಗುತ್ತಾರೆ, ನೀನು ಕೇರ್ ಮಾಡುವುದಿಲ್ಲ ಎಂದೂ ಹೇಳಿದ್ದ. ಅವಳಿಗೆ ನೀರು ಕುಡಿಸಲು ಅವಳ ಸೊಸೆಗೆ ತಾಕೀತು ಮಾಡಿದ್ದೀಯಂತೆ.

ಹೋದ ಸೋಮವಾರ ಬೆಳಗ್ಗೆ ನಾನು ಬಟ್ಟೆ ಕತ್ತರಿಸುತ್ತಿದ್ದೆ. ಫೋನ್ ಬಡಿದುಕೊಂಡಿತು. ನಿನ್ನ ಹೆಸರು ನೋಡಿದೆ, ಯಾರದೋ ಒಳ್ಳೆಯ ರವಿಕೆ ಬಟ್ಟೆ ಅಡ್ಡಾದಿಡ್ಡಿ ಕತ್ತರಿಸಿಹೋಯಿತು. ತೆಗೆದೆ. ನೀನು ಹಲೋ ಎನ್ನಲಿಲ್ಲ, ನನ್ನ ಹೆಸರು ಹಿಡಿಯಲಿಲ್ಲ.

"ಲಕ್ಕಮ್ಮಂದು ಬಲಗಾಲು ಒಂದೂಕಾಲಿಂಚು ಜಾಸ್ತಿ ಐತೆ."

"ಹೊರಡು" ಎಂದೆ.

"ಹೊಂಟಿವ್ನಿ" ಎಂದೆ ನೀನು.

ಅಷ್ಟೇ. ಹಿಂದೆ ಗಾಡಿಯ ಸದ್ದು ಕೇಳಿಸುತ್ತಿತ್ತು. ನನ್ನನ್ನು ಕೇಳುವ ಮೊದಲೇ ನೀನು ಅವಳನ್ನು ಹತ್ತಿಸಿಯಾಗಿತ್ತು. ಸಂಜೆಗೆ ಅವಳ ಸೊಸೆ ಫೋನ್ ಮಾಡಿ ಸ್ಕ್ಯಾನಿಂಗ್‌ನಲ್ಲಿ ಕಾಲಿನಲ್ಲಿ ಹೆಪ್ಪು ಕಂಡಿತು, ಔಷಧಿ ಶುರುಮಾಡಿದ್ದಾರೆ, ಗಾಬರಿಯಿಲ್ಲ ಎಂದಳು. ನಿನ್ನೆ ಲಕ್ಕಮ್ಮನೇ ಮಾತಾಡಿದಳು. ಮನೆಗೆ ಬಂದಿದ್ದಾಳೆ. ಅರ್ಧ ಹೇಳಿದಳು, ಅರ್ಧ ಅತ್ತಳು.

ನಾನು ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೆ ಕೂತು ಬಹಳ ಹೊತ್ತು ಅತ್ತೆ. ಲಕ್ಕಮ್ಮ ಉಳಿದಳು ಎಂದು ಸಂತೋಷಕ್ಕೂ ಹೌದು. ಆದರೆ ಫೋನಿನಲ್ಲಿ ನಾವಿಬ್ಬರೂ ಆಡಿದ್ದು ಮೂರೇ ಮಾತು. ಅವ್ವನಿಗೂ ಅಷ್ಟೇ ಸಾಕಾಗಿತ್ತು, ಅಣ್ಣ. ನಮ್ಮವಳಿಗೆ ನಾವು ಅಷ್ಟನ್ನೂ ಕೊಡಲಿಲ್ಲ.

ಅವ್ವನ ಅಳತೆ ಇರುವ ಕಾಗದ ಮೆಷಿನ್ನಿನ ಡ್ರಾಯರಿನಲ್ಲಿದೆ. ಅದನ್ನು ಹರಿಯಲು ನನಗೆ ಆಗುವುದಿಲ್ಲ, ಓದಲೂ ಆಗುವುದಿಲ್ಲ. ಅದರ ಮೇಲೆ ಇನ್ನೊಂದು ಕಾಗದ ಬಂದು ಕೂರುವುದು ನನಗೆ ಬೇಡ. ಇದಕ್ಕೆ ಉತ್ತರ ಬರೆಯಬೇಡ, ಬರೆದರೂ ನಾನು ಒಡೆಯುವುದಿಲ್ಲ. ಏನಿದ್ದರೂ ಫೋನ್ ಮಾಡು. ಹಸು ಕರು ಹಾಕಿದರೆ ಮಾಡು, ಸಾರಿಗೆ ಉಪ್ಪು ಜಾಸ್ತಿಯಾದರೆ ಮಾಡು. ಅನುಶ್ರೀ ಮದುವೆಯ ಜಗಳ ಇನ್ನೂ ಬಾಕಿಯಿದ್ದರೆ ಅದನ್ನೂ ಫೋನಿನಲ್ಲೇ ಆಡು, ನಾನು ತೆಗೆಯುತ್ತೇನೆ.

ನಿನ್ನ ತಂಗಿ
ಲತಾ